ಪರಂಗಿ ಹುಣ್ಣಿನಿಂದ ಪುಲರಿ ಕ್ಲಿನಿಕ್‌ವರೆಗೆ

ನಮ್ಮ ಕಾಸರಗೋಡಿನಲ್ಲಿ ಗೇರು ಮರಕ್ಕೆ ಮಲಯಾಳಂ ಮಾತನಾಡುವವರು ಪರಂಗಿಮಾವು ಅನ್ನುತ್ತಾರೆ. ಪರಂಗಿ ಅಂದರೆ ಪೋರ್ಚುಗೀಸರು. ಅವರ ಹಡಗಿನಲ್ಲಿ ಬಂದ ಮರ ಅದು. ಅದೇ ಹೆಸರು ಹೊತ್ತ ಒಂದು ಕಾಯಿಲೆಯೂ ಇದೆ, ಪರಂಗಿ ಹುಣ್ಣು. ಗೇರಿನ ವಿಷಯ ಜಗಲಿಯಲ್ಲಿ ಕೂತು ಮಾತಾಡುತ್ತೇವೆ. ಹುಣ್ಣಿನ ವಿಷಯ ಮಾತ್ರ ಬಾಯಿಗೇ ಬರುವುದಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಈ ಕಾಯಿಲೆಯನ್ನು ಈಗಿನ ಡಾಕ್ಟರುಗಳು ಸಿಫಿಲಿಸ್ ಅನ್ನುತ್ತಾರೆ.

1495ರಲ್ಲಿ ಫ್ರೆಂಚ್ ಸೈನ್ಯ ಇಟಲಿಯ ನೇಪಲ್ಸ್‌ನಲ್ಲಿದ್ದಾಗ ಈ ಕಾಯಿಲೆ ಜೋರಾಗಿ ಹಬ್ಬಿತು. ಇಟಲಿಯವರು ಅದನ್ನು ಫ್ರೆಂಚರ ರೋಗ ಅಂದರು, ಫ್ರೆಂಚರು ನೇಪಲ್ಸ್ ರೋಗ ಅಂದರು. ಮೂರೇ ವರ್ಷಕ್ಕೆ, 1498ರಲ್ಲಿ, ವಾಸ್ಕೋ ಡ ಗಾಮನ ಹಡಗುಗಳು ಕೋಯಿಕ್ಕೋಡಿನ ಹತ್ತಿರ ಬಂದು ನಿಂತವು. ಕುಂಬಳೆಯಂಥ ನಮ್ಮ ಸಣ್ಣ ಬಂದರುಗಳಲ್ಲೂ ಪೋರ್ಚುಗೀಸರ ಓಡಾಟ ಶುರುವಾಯಿತು. 16ನೇ ಶತಮಾನದ ವೈದ್ಯ ಭಾವಮಿಶ್ರ ತನ್ನ ಗ್ರಂಥದಲ್ಲಿ ಇದನ್ನು ಫಿರಂಗ ರೋಗ ಎಂದೇ ಬರೆದ. ಪಾದರಸದ ರಸಕರ್ಪೂರ, ಜೊತೆಗೆ ಒಂದು ಬೇರು, ಅವನು ಹೇಳಿದ ಮದ್ದು. ಆ ಬೇರೇ ಗ್ರಂಧಿಗೆ ಅಂಗಡಿಯ ಪರಂಗಿಚಕ್ಕೆ. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಕೂಡ 1563ರಲ್ಲಿ ಅದೇ ಬೇರನ್ನು ಹೊಗಳಿ ಬರೆದಿದ್ದಾನೆ.

ನನಗೆ ಈ ಹೆಸರುಗಳೇ ಮುಖ್ಯ ಅನಿಸುತ್ತವೆ. ಎಲ್ಲ ಊರಿನವರೂ ಕಾಯಿಲೆಯನ್ನು ಇನ್ನೊಬ್ಬರ ಮೇಲೆ ಹಾಕಿದರು. ಅಂದಿನಿಂದ ಇದು ಯಾರ ತಪ್ಪು ಎನ್ನುವ ಮಾತೇ ದೊಡ್ಡದಾಯಿತು.

ಬ್ರಿಟಿಷರು ಅದನ್ನೇ ಕಾನೂನು ಮಾಡಿದರು. 1868ರ ಸಾಂಕ್ರಾಮಿಕ ರೋಗ ಕಾಯಿದೆಯಲ್ಲಿ ವೇಶ್ಯೆಯರು ಹೆಸರು ನೋಂದಾಯಿಸಬೇಕಿತ್ತು, ಬಲವಂತದ ತಪಾಸಣೆಗೆ ಒಳಗಾಗಬೇಕಿತ್ತು. ಕಾಯಿಲೆ ಕಂಡರೆ ಅವರನ್ನು ಲಾಕ್ ಆಸ್ಪತ್ರೆ ಎಂಬಲ್ಲಿ ಕೂಡಿಡುತ್ತಿದ್ದರು. ಅವರ ಬಳಿ ಹೋಗುತ್ತಿದ್ದ ಗಂಡಸರಿಗೆ ಆ ಕಾಯಿದೆ ಅನ್ವಯಿಸಲೇ ಇಲ್ಲ. ಕಾಯಿಲೆ ಕಡಿಮೆಯಾಗುವುದಾದರೂ ಹೇಗೆ? 1888ರಲ್ಲಿ ಕಾಯಿದೆ ರದ್ದಾಯಿತು.

ಆಮೇಲೆ ವಿಜ್ಞಾನ ಬೇಗ ಬೇಗ ಮುಂದೆ ಹೋಯಿತು. 1905ರಲ್ಲಿ ಸಿಫಿಲಿಸ್‌ನ ರೋಗಾಣು ಸಿಕ್ಕಿತು, ಮರುವರ್ಷ ರಕ್ತ ಪರೀಕ್ಷೆ ಬಂತು. 1910ರಲ್ಲಿ ಜರ್ಮನ್ ವಿಜ್ಞಾನಿ ಪಾಲ್ ಎರ್ಲಿಕ್ ಅವರ ಸಾಲ್ವರ್ಸನ್ ಎಂಬ ಮದ್ದು ಮಾರುಕಟ್ಟೆಗೆ ಬಂತು. ಅದರಲ್ಲಿ ಆರ್ಸೆನಿಕ್ ಇತ್ತು, ಆದರೂ ಪಾದರಸಕ್ಕಿಂತ ಎಷ್ಟೋ ಮೇಲು. 1943ರಲ್ಲಿ ಪೆನಿಸಿಲಿನ್‌ನಿಂದ ಇದು ಗುಣವಾಗುತ್ತದೆ ಎಂದು ಗೊತ್ತಾಯಿತು. ಇವತ್ತಿಗೂ ಅದೇ ಮದ್ದು. ಶುರುವಿನ ಹಂತದಲ್ಲಿ ಸೊಂಟಕ್ಕೆ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಒಂದೇ ಸಲ. ಹಳೆಯದಾಗಿದ್ದರೆ ವಾರಕ್ಕೊಮ್ಮೆಯಂತೆ ಮೂರು ಸಲ.

ಇಷ್ಟು ಸುಲಭವಿದ್ದೂ ಅದು ಯಾಕೆ ಉಳಿದಿದೆ? ಒಂದು ಕಾರಣ ಕಾಯಿಲೆಯ ನಡತೆ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ ಗುಪ್ತಾಂಗದಲ್ಲೋ ಬಾಯಲ್ಲೋ ಒಂದು ಹುಣ್ಣು ಏಳುತ್ತದೆ. ನೋವಿಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ನಮ್ಮಲ್ಲಿ ಇಂಥದ್ದಕ್ಕೆಲ್ಲ ಒಂದೇ ಹೆಸರು, ಉಷ್ಣ. ಸೀಯಾಳ ಕುಡಿ, ಪುನರ್ಪುಳಿ ಶರಬತ್ತು ಕುಡಿ ಅಂತಾರೆ. ಕುಡಿದ ಮೇಲೆ ಹುಣ್ಣು ಮಾಯಿತಲ್ವಾ, ಸೀಯಾಳವೇ ಗೆದ್ದಿತು! ರೋಗಾಣು ಮಾತ್ರ ಒಳಗೇ ಇರುತ್ತದೆ. ಕೆಲವು ವಾರ, ತಿಂಗಳಾದ ಮೇಲೆ ಅಂಗೈ, ಅಂಗಾಲಿನಲ್ಲಿ ತುರಿಕೆಯಿಲ್ಲದ ಕಲೆಗಳು ಬರಬಹುದು. ಅವೂ ಹೋಗುತ್ತವೆ. ವರ್ಷಗಟ್ಟಲೆ ಸುಮ್ನೆ ಇದ್ದು, ಕೊನೆಗೆ ಕೆಲವರಲ್ಲಿ ಹೃದಯ, ಮೆದುಳಿಗೆ ಕೈ ಹಾಕುತ್ತದೆ.

ಹೀಗೇ ಹರಡುವ ಇನ್ನೊಂದು ಲೈಂಗಿಕ ಸೋಂಕು ಗೊನೊರಿಯಾ ಇಷ್ಟು ಗುಟ್ಟಿನದಲ್ಲ, ಅದೂ ಗಂಡಸರಲ್ಲಿ. ಒಂದು ವಾರದೊಳಗೆ ಉರಿಮೂತ್ರ, ಕೀವು. ಆದರೆ ಹೆಂಗಸರಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಕ್ಲಮೀಡಿಯಾ ಎಂಬ ಮತ್ತೊಂದು ಸೋಂಕು ಇನ್ನೂ ಮೌನಿ. ಚಿಕಿತ್ಸೆ ಮಾಡದೆ ಬಿಟ್ಟರೆ ಗರ್ಭನಾಳ ಮುಚ್ಚಿಕೊಂಡು ಮಕ್ಕಳಾಗದೇ ಹೋಗಬಹುದು. ಆಗ ಬೈಗುಳವೂ ಅವಳಿಗೇ. ನೀರುಗುಳ್ಳೆ ಬಂದು ವಿಪರೀತ ಉರಿದರೆ ಹರ್ಪಿಸ್ ಇರಬಹುದು. ಅದು ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ. ಎಲ್ಲ ಬಿಳಿ ಸೆರಗೂ ಲೈಂಗಿಕ ಸೋಂಕಲ್ಲ, ಇದನ್ನು ಹೆಣ್ಣುಮಕ್ಕಳು ನೆನಪಿಡಬೇಕು. ವಾಸನೆ, ಬಣ್ಣ ಬದಲಾದರೆ, ತುರಿಕೆ ಇದ್ದರೆ, ಕಿಬ್ಬೊಟ್ಟೆ ನೋಯುತ್ತಿದ್ದರೆ ತೋರಿಸಲೇಬೇಕು.

ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಸಿಫಿಲಿಸ್‌ನ ರಕ್ತ ಪರೀಕ್ಷೆಯಾದ ವಿಡಿಆರ್‌ಎಲ್‌ನ ಹೆಸರನ್ನು ಮೊದಲು ಕೇಳುವುದು ಗಲ್ಫ್ ಮೆಡಿಕಲ್‌ನಲ್ಲಿ. ವೀಸಾಕ್ಕೆ ಎಚ್‌ಐವಿ, ಹೆಪಟೈಟಿಸ್ ಜೊತೆ ಸಿಫಿಲಿಸ್ ಪರೀಕ್ಷೆಯೂ ಇದೆ. ಪಾಸಿಟಿವ್ ಬಂದರೆ ಭೂಮಿಯೇ ಬಿರಿದ ಹಾಗಾಗುತ್ತದೆ. ಆದರೆ ವಿಡಿಆರ್‌ಎಲ್ ಬೇರೆ ಕಾರಣಕ್ಕೂ ಪಾಸಿಟಿವ್ ತೋರಿಸಬಹುದು, ಮಲೇರಿಯಾ ಬಂದಿದ್ದರೂ ಸಹ. ಅದಕ್ಕೇ ಟಿಪಿಎಚ್‌ಎ ಎಂಬ ಎರಡನೇ ಪರೀಕ್ಷೆ ಮಾಡುತ್ತಾರೆ. ಕಾಯಿಲೆ ಗುಣವಾದ ಮೇಲೂ ಟಿಪಿಎಚ್‌ಎ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ವಿಡಿಆರ್‌ಎಲ್‌ನ ಅಳತೆ ಮಾತ್ರ ಚಿಕಿತ್ಸೆಯ ನಂತರ ಇಳಿಯುತ್ತದೆ. ಆದ್ದರಿಂದ ಮದ್ದು ತೆಗೆದುಕೊಂಡ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬಸುರಿಯರಿಗೂ ಇದೇ ಪರೀಕ್ಷೆ ಮಾಡುತ್ತಾರೆ, ತಾಯಿಯಿಂದ ಮಗುವಿಗೆ ಹೋಗದಂತೆ ತಡೆಯಲು. ಯಾರ ಮೇಲೂ ಸಂಶಯದಿಂದಲ್ಲ.

1986ರಲ್ಲಿ ಚೆನ್ನೈಯಲ್ಲಿ ವೈದ್ಯೆ ಸುನೀತಿ ಸೊಲೊಮನ್ ಅವರ ತಂಡ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆ ಮಾಡಿತು. ಗುಪ್ತಾಂಗದಲ್ಲಿ ಹುಣ್ಣಿದ್ದರೆ ಎಚ್‌ಐವಿ ಸುಲಭವಾಗಿ ದಾಟುತ್ತದೆ. ಹಾಗಾಗಿ ಏಡ್ಸ್ ನಿಯಂತ್ರಣದ ಜೊತೆಗೇ ಲೈಂಗಿಕ ಸೋಂಕಿನ ಉಚಿತ ಚಿಕಿತ್ಸೆ ಬಂತು. ಕೇರಳದಲ್ಲಿ ಆ ಕ್ಲಿನಿಕ್‌ಗಳ ಹೆಸರು ಪುಲರಿ, ಅಂದರೆ ಮುಂಜಾವು. ಎಚ್‌ಐವಿ ಪರೀಕ್ಷೆಯ ಕೇಂದ್ರ ಜ್ಯೋತಿಸ್. ಲಕ್ಷಣ ನೋಡಿ ಬಣ್ಣದ ಕಿಟ್‌ನಲ್ಲಿ ಮದ್ದು ಕೊಡುವ ಪದ್ಧತಿ ಇದೆ. ಕೀವಿಗೆ ಬೂದು ಕಿಟ್, ಹುಣ್ಣಿಗೆ ಬಿಳಿ, ಹರ್ಪಿಸ್‌ಗೆ ಕೆಂಪು.

ಆದರೆ ನಮ್ಮವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದೇ ಜಾಸ್ತಿ. ಅಲ್ಲಿ ಗುರುತಿನವರು ಸಿಗುವುದಿಲ್ಲ ಎಂಬ ಧೈರ್ಯ. ತಪ್ಪಲ್ಲ, ಆದರೆ ಎರಡನೇ ಭೇಟಿಗೆ ಬಸ್ಸು ಹತ್ತುವುದು ತಪ್ಪುತ್ತದೆ. ಇನ್ನೊಂದು ಅಡ್ಡಿ ಭಾಷೆ. ಬದಿಯಡ್ಕದ ಕಡೆಯ ಹೆಂಗಸು ಬಿಳಿ ಸೆರಗು ಅಂದರೆ ತೆಂಕಣ ಕೇರಳದಿಂದ ಬಂದ ಡಾಕ್ಟರಿಗೆ ತಿಳಿಯಬೇಕೆಂದಿಲ್ಲ. ಅವರಿಗೆ ಅದು ವೆಳ್ಳಪೋಕ್ಕ್. ಮೊದಲೇ ನಾಚಿಕೆ, ಮೇಲೆ ಮಾತೂ ಸಿಗದಿದ್ದರೆ ಅವಳು ತಲೆನೋವು ಎಂದು ಹೇಳಿ ಎದ್ದು ಬರುತ್ತಾಳೆ. ಕನ್ನಡ ಬಲ್ಲ ನರ್ಸ್ ಇದ್ದರೆ ಕರೆಯಿರಿ ಎಂದು ಕೇಳಲು ಹಿಂಜರಿಯಬೇಡಿ. ಮಂಜೇಶ್ವರ, ಕಾಸರಗೋಡು ತಾಲೂಕಿನಲ್ಲಿ ಅದು ನಮ್ಮ ಹಕ್ಕಿನ ಬೇಡಿಕೆ.

ಮದ್ದಿನಂಗಡಿಯಲ್ಲಿ ಕೇಳಿ ಎರಡು ಮಾತ್ರೆ ನುಂಗುವುದು ಬೇಡ. ಗೊನೊರಿಯಾಕ್ಕೆ ಒಂದು ಕಾಲದಲ್ಲಿ ಸಿಪ್ರೊಫ್ಲಾಕ್ಸಸಿನ್ ಸಾಕಾಗುತ್ತಿತ್ತು, ಈಗ ಅದಕ್ಕೆ ರೋಗಾಣು ಜಗ್ಗುವುದಿಲ್ಲ. ಸಂಗಾತಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ದರೆ ಸೋಂಕು ಮರಳಿ ಬರುತ್ತದೆ. ಕಾಂಡೋಮ್ ಹರಿದು ಎಚ್‌ಐವಿ ಭಯವಿದ್ದರೆ 72 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿ, ತಡೆಯುವ ಮಾತ್ರೆ ಇದೆ. ಹೆಸರು ಹೇಳದೆ ಮೊದಲು ವಿಚಾರಿಸಬೇಕೆಂದರೆ 1097ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.