ಪ್ರೋನೋಟು: ಮುಂಬದಿಯ ಸ್ಟಾಂಪ್, ಹಿಂಬದಿಯ ಷರಾ

ಪ್ರೋನೋಟು ಎಂದರೆ ಪಡೆದ ಹಣ ತೀರಿಸುತ್ತೇನೆಂದು ಸಾಲಗಾರ ಸಹಿ ಮಾಡಿಕೊಡುವ ಪತ್ರ. ಸ್ಟಾಂಪ್ ಹಚ್ಚದ ಪ್ರೋನೋಟಿನ ಸಹಿಯನ್ನು ಸಾಲಗಾರ ತನ್ನದೇ ಎಂದು ಒಪ್ಪಿಕೊಂಡರೂ ಅದು ಸಾಕ್ಷ್ಯವಾಗುವುದಿಲ್ಲ. ಬೇರೆ ಎಷ್ಟೋ ಪತ್ರಗಳಿಗೆ ಕೊರತೆ ಬಿದ್ದ ಮುದ್ರಾಂಕ ಶುಲ್ಕವನ್ನೂ ದಂಡವನ್ನೂ ಕಟ್ಟಿ ಜೀವ ಕೊಡಬಹುದು; ಪ್ರೋನೋಟಿಗೆ ಕಾನೂನು ಆ ಅವಕಾಶ ಕೊಟ್ಟಿಲ್ಲ. ಸಹಿ ಸ್ಟಾಂಪಿನ ಮೇಲೆ ಹಾದುಹೋಗಲಿ. ಸಹಿ ಪಕ್ಕಕ್ಕೆ ಬಿದ್ದು, ಸ್ಟಾಂಪನ್ನು ಬೇರೆ ರೀತಿಯಲ್ಲೂ ರದ್ದುಪಡಿಸದಿದ್ದರೆ ಸ್ಟಾಂಪೇ ಇಲ್ಲವೆಂದು ಲೆಕ್ಕ. ಪ್ರತಿವಾದಿ ಈ ಆಕ್ಷೇಪವನ್ನು ನ್ಯಾಯಾಲಯ ಪತ್ರವನ್ನು ಸಾಕ್ಷ್ಯವಾಗಿ ನಿಶಾನೆ ಮಾಡುವ (ಗುರುತು ಹಾಕಿ ದಾಖಲಿಸುವ) ಹೊತ್ತಿಗೇ ಎತ್ತಬೇಕು, ಆಮೇಲೆ ಎತ್ತಿ ಫಲವಿಲ್ಲ.

ಪ್ರೋನೋಟಿಗೆ ಸಾಕ್ಷಿಗಳ ಸಹಿ ಕಡ್ಡಾಯವಲ್ಲ. ಸಾಕ್ಷಿ ಹಾಕಿಸುವುದಾದರೆ ‘ನಿಮಗೆ ಅಥವಾ ನೀವು ಆದೇಶಿಸಿದವರಿಗೆ’ ಎಂಬ ಮಾತು ಇರಲೇಬೇಕು. ಅದು ಬಿಟ್ಟುಹೋದರೆ ಪತ್ರ ಬಾಂಡ್ ಎನಿಸಿಕೊಂಡು ಹೆಚ್ಚಿನ ಮುದ್ರಾಂಕ ಕೇಳುತ್ತದೆ.

ಇನ್ನು ವಾಯಿದೆ, ಅಂದರೆ ದಾವೆ ಹೂಡಲು ಇರುವ ಕಾಲಮಿತಿ. ‘ಕೇಳಿದಾಗ ಕೊಡುತ್ತೇನೆ’ ಎಂಬ ಪ್ರೋನೋಟಿಗೆ, ಜೊತೆಗೆ ಬೇರೆ ಕರಾರು ಇಲ್ಲದಿದ್ದರೆ, 3 ವರ್ಷ ಎಣಿಕೆಯಾಗುವುದು ಬರೆದ ದಿನದಿಂದ. ನೋಟಿಸು ಕೊಟ್ಟ ದಿನದಿಂದ ಎಂದು ನಂಬಿ ಕೂತವರು ಹಕ್ಕನ್ನೇ ಕಳೆದುಕೊಳ್ಳುತ್ತಾರೆ. 2022ರ ಏಪ್ರಿಲ್ 11ರ ಪತ್ರಕ್ಕೆ 2025ರ ಏಪ್ರಿಲ್ 11 ಕೊನೆಯ ದಿನ. ಅಷ್ಟರೊಳಗೆ, ಮಾರ್ಚ್ 3ರಂದು ಸಾಲಗಾರ 5,000 ರೂಪಾಯಿ ಬಡ್ಡಿ ಕೊಟ್ಟು ಹಿಂಬದಿಯಲ್ಲಿ ದಿನಾಂಕದೊಂದಿಗೆ ಷರಾ (ಪಾವತಿಯ ಟಿಪ್ಪಣಿ) ಬರೆದು ಸಹಿ ಹಾಕಿದರೆ, ಅಂದಿನಿಂದ ಹೊಸದಾಗಿ 3 ವರ್ಷ. ಷರಾ ಸಾಲಗಾರನ ಕೈಬರಹದಲ್ಲಿರಬೇಕು, ಇಲ್ಲವೇ ಅವನ ಸಹಿ ಇರಬೇಕು. ಸಾಲ ಕೊಟ್ಟವನು ತಾನೇ ‘ಬಡ್ಡಿ ಬಂತು’ ಎಂದು ಬರೆದುಕೊಂಡರೆ ವಾಯಿದೆ ಒಂದು ದಿನವೂ ಬೆಳೆಯದು. ಮೊದಲು ಏನೂ ಕೊಡದೆ, ವಾಯಿದೆ ಮುಗಿದ ಮೇಲೆ ಏಪ್ರಿಲ್ 20ರಂದು ಕೊಟ್ಟ ಹಣ ಸತ್ತ ವಾಯಿದೆಯನ್ನು ಎಬ್ಬಿಸುವುದಿಲ್ಲ. ಆಗ ಬೇಕಾದದ್ದು ಹಳೇ ಸಾಲ ತೀರಿಸುತ್ತೇನೆಂಬ ಸ್ಪಷ್ಟ ಲಿಖಿತ ವಾಗ್ದಾನ, ಸಹಿಯೊಂದಿಗೆ. ಸಾಲ ಇದೆ ಎಂದಷ್ಟೇ ಒಪ್ಪಿದರೆ ಸಾಲದು.

ದೊಡ್ಡ ಮೊತ್ತಕ್ಕೆ ಬರೀ ಪ್ರೋನೋಟನ್ನು ನಂಬುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನೋಂದಾಯಿತ ಅಡಮಾನವಿದ್ದರೆ ಹಣ ಕೊಡಬೇಕಾದ ದಿನದಿಂದ 12 ವರ್ಷ ಸಿಗುತ್ತದೆ, ಆಸ್ತಿಯೂ ಸಾಲಕ್ಕೆ ಕಟ್ಟುಬಿದ್ದಿರುತ್ತದೆ. ಸಾದಾ ಅಡಮಾನ ಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆಸುವ ಮೊದಲು ಋಣಭಾರ ಪತ್ರ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ, ಇ.ಸಿ.) ತೆಗೆಸಿ ನೋಡಿ. ನೋಂದಣಿಯಿಲ್ಲದೆ ಹಕ್ಕುಪತ್ರಗಳನ್ನು ಒತ್ತೆಯಿಟ್ಟ ಹಳೇ ಸಾಲ ಅದರಲ್ಲಿ ಕಾಣದಿರಬಹುದು. ಹಾಗಾಗಿ ಮೂಲಪತ್ರಗಳು ಮಾಲೀಕನ ಕೈಯಲ್ಲೇ ಇವೆಯೇ ಎಂದು ಕೇಳಿ, ಕಣ್ಣಾರೆ ನೋಡಿ.

ಸಾಲ ತೀರಿಸುವವರಿಗೂ ಒಂದು ಮಾತು: ಕೊನೆಯ ಕಂತು ಕೊಡುವಾಗ ಅಸಲು ಪ್ರೋನೋಟನ್ನು ವಾಪಸ್ ಕೇಳುವುದು ನಿಮ್ಮ ಹಕ್ಕು. ಪತ್ರ ಕಳೆದಿದೆ ಎಂದರೆ, ಪೂರ್ತಿ ಚುಕ್ತಾ ಆಗಿದೆಯೆಂಬ ಸಹಿ ಮಾಡಿದ ರಸೀದಿ ಪಡೆದೇ ಹಣ ಕೊಡಿ.