ಕಣ್ಣಿಗೆ ಕಾಣದ ಬಿಳಿ: ಪೇಂಟ್ ಕುದುರೆಗಳ ಬಣ್ಣದ ಜೀನ್ ಗೊಂದಲ ಎಲ್ಲಿಂದ ಶುರುವಾಯಿತು?

ಅಮೆರಿಕದಲ್ಲಿ ಪೇಂಟ್ ಅನ್ನುವ ಮಚ್ಚೆ ತಳಿಯ ಕುದುರೆ ಮಾರಾಟದ ಜಾಹೀರಾತುಗಳಲ್ಲಿ ವಯಸ್ಸು, ಎತ್ತರ, ಬೆಲೆಯ ಜೊತೆಗೆ ಈಗ ಇನ್ನೊಂದು ಸಾಲೂ ಕಾಣಿಸುತ್ತದೆ. ಎನ್/ಟಿ, ಎನ್/ಓ, ಎಸ್‌ಡಬ್ಲ್ಯೂ1, ಡಬ್ಲ್ಯೂ20 ಅಂತ. ಇವು ಬಿಳಿ ಮಚ್ಚೆಯ ಜೀನ್ ಪರೀಕ್ಷೆಯ ವರದಿಯಲ್ಲಿ ಬರುವ ಸಂಕೇತಗಳು. ಕುದುರೆಯ ಫೋಟೋ ನೋಡಿದರೆ ಮೈಯೆಲ್ಲ ಕಂದು, ಹಣೆಯಲ್ಲಿ ಒಂದು ಪಟ್ಟೆ, ಅಷ್ಟೆ. ಆದರೆ ವರದಿ ಮಾತ್ರ ಅದು ಮಚ್ಚೆ ಕುದುರೆ ಅನ್ನುತ್ತದೆ. ಇನ್ನೊಂದು ಕುದುರೆಯ ಮೈಯಲ್ಲಿ ಅರ್ಧಕ್ಕರ್ಧ ಬಿಳಿ ಇರುತ್ತದೆ, ಅದರ ವರದಿಯಲ್ಲಿ ಏನೂ ಇರುವುದಿಲ್ಲ. ಹೊಸದಾಗಿ ಕುದುರೆ ಕೊಳ್ಳುವವರಿಗೆ ಇದು ತಲೆ ಕೆಡಿಸುವ ವಿಷಯವೇ. ಇದು ಇಷ್ಟು ಸಿಕ್ಕಾಗಿದ್ದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಬಿಳಿ ಅಂದರೇನು ಅಂತ ನೋಡೋಣ. ಕುದುರೆಯ ಮೈಮೇಲಿನ ಬಿಳಿ ಮಚ್ಚೆ ಒಂದು ಬಣ್ಣವಲ್ಲ. ಅಲ್ಲಿ ಬಣ್ಣ ತಯಾರಿಸುವ ಜೀವಕೋಶಗಳೇ ಇರುವುದಿಲ್ಲ. ಭ್ರೂಣದ ಬೆನ್ನುಹುರಿಯ ಪಕ್ಕದಲ್ಲಿ ಹುಟ್ಟುವ ಈ ಕೋಶಗಳು ಬೆನ್ನ ಮೇಲೆ ಸುರಿದ ಎಣ್ಣೆಯಂತೆ ಕೆಳಕ್ಕೆ ಹರಡುತ್ತಾ ಹೋಗುತ್ತವೆ. ಅವು ತಲುಪದ ಜಾಗ ಬಿಳಿಯಾಗಿ ಉಳಿಯುತ್ತದೆ, ಕೆಳಗಿನ ಚರ್ಮ ಗುಲಾಬಿಯಾಗಿರುತ್ತದೆ. ತುಂಬಾ ದೂರದ ಜಾಗಗಳು ಹಣೆ, ಮೂತಿ, ನಾಲ್ಕು ಕಾಲುಗಳ ತುದಿ. ನಮ್ಮವರು ಪಂಚಕಲ್ಯಾಣಿ ಅಂತ ಕರೆದು ಶುಭ ಅಂದುಕೊಂಡಿದ್ದು ಇದೇ ಐದು ಬಿಳಿಗಳನ್ನು. ಕೋಶಗಳ ಪ್ರಯಾಣ ಕೊನೆಯಲ್ಲಿ ಸ್ವಲ್ಪ ತಡವಾದರೆ ಪಂಚಕಲ್ಯಾಣಿ. ಮಧ್ಯದಲ್ಲೇ ನಿಂತರೆ ಪಿಂಟೋ, ಅಂದರೆ ದೊಡ್ಡ ದೊಡ್ಡ ಬಿಳಿ ಮಚ್ಚೆಯ ಕುದುರೆ.

ಇಲ್ಲಿ ಇನ್ನೊಂದು ಸಂಗತಿ ಇದೆ, ಮುಂದಿನ ಕತೆಗೆಲ್ಲ ಅದೇ ಮೂಲ. ಅದೇ ಜಾಗದಿಂದ ಹೊರಡುವ ಕೋಶಗಳಲ್ಲಿ ಕೆಲವು ಕರುಳಿನ ನರಗಳಾಗುತ್ತವೆ. ಬಣ್ಣದ ಕೋಶಗಳಲ್ಲೇ ಕೆಲವು ಒಳಗಿವಿಗೂ ಹೋಗುತ್ತವೆ, ಅವಿಲ್ಲದೆ ಕಿವಿ ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಬಿಳಿಯ ವಿಷಯ ಬರೀ ಚರ್ಮದ ವಿಷಯ ಅಲ್ಲ.

ಮನುಷ್ಯ ಕುದುರೆಯನ್ನು ಪಳಗಿಸಿದ ಮೇಲೆ ಮಚ್ಚೆ ಕುದುರೆಗಳು ಹೆಚ್ಚಿದವು, ಸ್ಪೇನಿನವರ ಹಡಗುಗಳಲ್ಲಿ ಅಮೆರಿಕಕ್ಕೆ ಹೋದವು, ದನ ಕಾಯುವವರ ಮತ್ತು ಮೂಲನಿವಾಸಿಗಳ ಮಂದೆಗಳಲ್ಲಿ ಬೆಳೆದವು. ಗೊಂದಲ ಶುರುವಾಗಿದ್ದು ಪುಸ್ತಕ ತೆರೆದಾಗ, ಅಂದರೆ ತಳಿ ನೋಂದಣಿ ಶುರುವಾದಾಗ.

1940ರಲ್ಲಿ ಕ್ವಾರ್ಟರ್ ಹಾರ್ಸ್ ಅನ್ನುವ ತಳಿಯ ಸಂಘ, ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ ಹುಟ್ಟಿತು. ಅದಕ್ಕೆ ಬೇಕಾಗಿದ್ದು ಒಂದೇ ಬಣ್ಣದ ಗಟ್ಟಿಮುಟ್ಟು ಕುದುರೆ. ಮುಖದಲ್ಲಿ, ಕಾಲಲ್ಲಿ ಇಷ್ಟರವರೆಗೆ ಬಿಳಿ ಇದ್ದರೆ ಸರಿ, ಗೆರೆ ದಾಟಿದರೆ ನೋಂದಣಿ ಇಲ್ಲ ಅಂತ ನಿಯಮ ಬಂತು. ಅಪ್ಪ ಅಮ್ಮ ಇಬ್ಬರೂ ಪುಸ್ತಕದಲ್ಲಿದ್ದರೂ ಮರಿಯ ಮೈಮೇಲೆ ಬಿಳಿ ಜಾಸ್ತಿಯಾದರೆ ಅದು ಹೊರಗೆ. ಇಂಥ ಮರಿಗಳಿಗೆ ಕ್ರಾಪ್‌ಔಟ್ ಅನ್ನುತ್ತಿದ್ದರು. ಹೀಗೆ ಹೊರಗೆ ಬಿದ್ದವನ್ನು ಇಷ್ಟಪಡುವವರು 1962ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅದು 1965ರಲ್ಲಿ ಇನ್ನೊಂದು ಸಂಘದ ಜೊತೆ ಸೇರಿ ಅಮೆರಿಕನ್ ಪೇಂಟ್ ಹಾರ್ಸ್ ಅಸೋಸಿಯೇಷನ್ ಆಯಿತು. ತಮಾಷೆ ಏನೆಂದರೆ ಇವರೂ ಒಂದು ಗೆರೆ ಎಳೆದರು, ಉಲ್ಟಾ ದಿಕ್ಕಿನಲ್ಲಿ. ಗೊತ್ತುಮಾಡಿದ ಜಾಗದಲ್ಲಿ ಕನಿಷ್ಠ ಎರಡು ಇಂಚು ಬಿಳಿ ಇಲ್ಲದಿದ್ದರೆ ಮುಖ್ಯ ಪುಸ್ತಕದಲ್ಲಿ ಜಾಗವಿಲ್ಲ.

ಒಂದು ಪುಸ್ತಕಕ್ಕೆ ಬಿಳಿ ಜಾಸ್ತಿಯಾಗಬಾರದು, ಇನ್ನೊಂದಕ್ಕೆ ಕಡಿಮೆಯಾಗಬಾರದು. ಎರಡೂ ಕಣ್ಣಳತೆಯ ಲೆಕ್ಕ. ಆಗ ಇದ್ದ ಅಳತೆಗೋಲು ಕಣ್ಣು ಒಂದೇ ಅನ್ನುವುದು ನಿಜ. ಆದರೆ ಕಣ್ಣಿಗೆ ಕಂಡದ್ದನ್ನಷ್ಟೇ ಮಂದೆಯಿಂದ ತೆಗೆಯುತ್ತಾ ಹೋದರೆ ಏನಾಗುತ್ತದೆ? ಕಾಣದೆ ಇರುವುದು ಆರಾಮಾಗಿ ಉಳಿಯುತ್ತದೆ. ಕ್ವಾರ್ಟರ್ ಹಾರ್ಸ್ ಮಂದೆಯಲ್ಲಿ ಆಗಿದ್ದು ಅದೇ. ಮಚ್ಚೆಯ ಜೀನ್ ಹೊತ್ತಿದ್ದರೂ ಮೈಯಲ್ಲಿ ತೋರಿಸದ ಕುದುರೆಗಳು ಹಲವು ತಲೆಮಾರು ಸರ್ಟಿಫಿಕೇಟ್ ಸಮೇತ ಮರಿ ಹಾಕಿದವು.

ಪೇಂಟ್ ಪುಸ್ತಕದಲ್ಲಿ ಬೇರೊಂದು ತೊಂದರೆ. ಅಲ್ಲಿ ಮಚ್ಚೆಗಳನ್ನು ಎರಡು ಗುಂಪು ಮಾಡಿದರು. ಬೆನ್ನು ದಾಟುವ ದುಂಡನೆಯ ಬಿಳಿ, ಬಿಳಿ ಕಾಲು, ಬಣ್ಣದ ಮುಖ ಇದ್ದರೆ ಟೋಬಿಯಾನೋ. ಹಾಗಿಲ್ಲದ್ದೆಲ್ಲ ಓವರೋ. ಈ ಓವರೋ ಚೀಲದೊಳಗೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳು ಸೇರಿದ್ದವು. ಮೈಯ ಪಕ್ಕದಲ್ಲಿ ಅಡ್ಡಡ್ಡ ಬಿಳಿ ಇದ್ದು, ಸುತ್ತ ಬಣ್ಣದ ಚೌಕಟ್ಟು ಇರುವ ಫ್ರೇಮ್. ಕುದುರೆಯನ್ನು ಕೆಳಗಿನಿಂದ ಸುಣ್ಣದಲ್ಲಿ ಅದ್ದಿದ ಹಾಗೆ ಕಾಣುವ ಸ್ಪ್ಲಾಶ್. ಕಾಲಿನ ಬಿಳಿ ಚೂಪುಚೂಪಾಗಿ ಮೇಲಕ್ಕೇರಿ, ಹೊಟ್ಟೆಯ ಹತ್ತಿರ ಬಿಳಿ ಕೂದಲು ಬೆರೆತಿರುವ ಸಬೀನೋ. ಇವು ಮೂರೂ ಬೇರೆ ಬೇರೆ ಜೀನುಗಳ ಕೆಲಸ ಅಂತ ಯಾರಿಗೂ ಆಗ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಒಂದು ದುರಂತ. ಓವರೋಗೆ ಓವರೋ ಕೂಡಿಸಿದಾಗ ಕೆಲವೊಮ್ಮೆ ಪೂರಾ ಬಿಳಿ ಮರಿ ಹುಟ್ಟುತ್ತಿತ್ತು. ನೀಲಿ ಕಣ್ಣು, ನೋಡಲು ಚೆಂದ. ಎದ್ದು ನಿಲ್ಲುತ್ತದೆ, ಹಾಲು ಕುಡಿಯುತ್ತದೆ. ಆದರೆ ಲದ್ದಿ ಹಾಕುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹೊಟ್ಟೆನೋವು ಶುರುವಾಗುತ್ತದೆ, ಕೆಲವು ದಿನಗಳೊಳಗೆ ಸಾಯುತ್ತದೆ. ಹೆಚ್ಚಿನವರು ನೋವು ನೋಡಲಾಗದೆ ಅದಕ್ಕೂ ಮೊದಲೇ ದಯಾಮರಣದ ಇಂಜೆಕ್ಷನ್ ಕೊಡಿಸುತ್ತಾರೆ. 1977ರಲ್ಲಿ ಓವರೋ ಜೋಡಿಗಳಲ್ಲಿ ಹುಟ್ಟುವ ಇಂಥ ಮರಿಗಳ ಬಗ್ಗೆ ವೈಜ್ಞಾನಿಕ ಲೇಖನ ಬಂತು. 1982ರಲ್ಲಿ ಇನ್ನೊಂದು ಲೇಖನ ಕಾರಣ ಹೇಳಿತು: ಮರಿಯ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲ. ಕರುಳು ಇದೆ, ಅದನ್ನು ಅಲುಗಾಡಿಸುವವರು ಇಲ್ಲ. ಆಪರೇಷನ್ ಮಾಡಿ ಸರಿಪಡಿಸುವಂಥದ್ದಲ್ಲ ಇದು.

ಅಲ್ಲಿಂದ ಮುಂದಿನ 15 ವರ್ಷ ಸಾಕಣೆದಾರರಿಗೆ ಸಿಕ್ಕಿದ್ದು ಒಂದೇ ಸಲಹೆ. ಓವರೋಗೆ ಓವರೋ ಕೂಡಿಸಬೇಡಿ. ಒಳ್ಳೆಯ ಸಲಹೆಯೇ, ಆದರೆ ಎರಡು ಕಡೆ ತೂತು. ಸ್ಪ್ಲಾಶ್, ಸಬೀನೋ ಕುದುರೆಗಳನ್ನೂ ಓವರೋ ಅಂದಿದ್ದರಿಂದ ಅಪಾಯವೇ ಇಲ್ಲದ ಜೋಡಿಗಳನ್ನೂ ತಪ್ಪಿಸಿದರು. ಇನ್ನೊಂದು ಕಡೆ ಮೈಯಲ್ಲಿ ಮಚ್ಚೆಯೇ ಇಲ್ಲದ ಕುದುರೆ, ಟೋಬಿಯಾನೋ ಅಂತ ಬರೆಸಿಕೊಂಡ ಕುದುರೆ, ಇವುಗಳಿಂದಲೂ ಬಿಳಿ ಮರಿ ಹುಟ್ಟಿ ಸತ್ತವು. ಪೂರಾ ಬಿಳಿಯಾಗಿ ಹುಟ್ಟಿದರೂ ಆರೋಗ್ಯವಾಗಿರುವ ಮರಿಗಳೂ ಇವೆ, ಅವುಗಳ ಜೀನೇ ಬೇರೆ. ಬಿಳಿ ಕಂಡ ತಕ್ಷಣ ಹೆದರಿ ಅಂಥ ಮರಿಗಳಿಗೂ ಇಂಜೆಕ್ಷನ್ ಕೊಡಿಸುವ ಅಪಾಯ ಇತ್ತು. ಅಂಥ ಸಮಯದಲ್ಲಿ ಲದ್ದಿ ಬೀಳುತ್ತದಾ ಅಂತ ಕಾಯುವುದು ಬಿಟ್ಟು ಬೇರೆ ಪರೀಕ್ಷೆಯೇ ಇರಲಿಲ್ಲ.

ಉತ್ತರ ಬಂದಿದ್ದು ಕುದುರೆಯಿಂದಲ್ಲ, ಇಲಿ ಮತ್ತು ಮನುಷ್ಯರಿಂದ. ಮನುಷ್ಯರಲ್ಲಿ ಹಿರ್ಷ್‌ಸ್ಪ್ರಂಗ್ ಅನ್ನುವ ಕಾಯಿಲೆ ಇದೆ, ಮಗುವಿನ ದೊಡ್ಡ ಕರುಳಿನಲ್ಲಿ ನರ ಇಲ್ಲದೆ ಮಲ ಕಟ್ಟಿಕೊಳ್ಳುತ್ತದೆ. 1994ರಲ್ಲಿ ಮಚ್ಚೆ ಇಲಿಗಳಲ್ಲೂ, ಈ ಕಾಯಿಲೆ ಇರುವ ಒಂದು ಮೆನೊನೈಟ್ ಕ್ರೈಸ್ತ ಸಮುದಾಯದಲ್ಲೂ ಇಡಿಎನ್ಆರ್‌ಬಿ ಅನ್ನುವ ಜೀನ್ ಕೆಟ್ಟಿರುವುದು ಗೊತ್ತಾಯಿತು. ಬಿಳಿ ಮೈ, ನರವಿಲ್ಲದ ಕರುಳು. ಕುದುರೆಯವರು ಅಲ್ಲೇ ಹುಡುಕಿದರು. 1998ರಲ್ಲಿ ಮೂರು ಬೇರೆ ಬೇರೆ ತಂಡಗಳು ಒಂದೇ ಉತ್ತರ ಕೊಟ್ಟವು. ಆ ಜೀನಿನಲ್ಲಿ ಡಿಎನ್ಎಯ ಎರಡು ಅಕ್ಷರ ಬದಲಾಗಿದೆ. ಅದರಿಂದ ಪ್ರೋಟೀನಿನ 118ನೇ ಜಾಗದಲ್ಲಿ ಐಸೊಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಬದಲು ಲೈಸಿನ್ ಅನ್ನುವ ಇನ್ನೊಂದು ಬಂದು ಕೂತಿದೆ. ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬಂದು ಕೆಟ್ಟ ಜೀನಿನ ಒಂದು ಪ್ರತಿ ಇದ್ದರೆ ಫ್ರೇಮ್ ಮಚ್ಚೆ, ಇಬ್ಬರಿಂದಲೂ ಬಂದು ಎರಡು ಪ್ರತಿ ಇದ್ದರೆ ಸಾವು.

ಪರೀಕ್ಷೆ ತುಂಬಾ ಸುಲಭ. ಜೂಲಿನಿಂದ 20–30 ಕೂದಲನ್ನು ಬೇರು ಸಮೇತ ಕಿತ್ತು ಲ್ಯಾಬಿಗೆ ಕಳಿಸಿದರೆ ಸಾಕು. ಈ ಪರೀಕ್ಷೆ ಬಂದ ಮೇಲೆ ಸುಮಾರು ಸಾವಿರ ಕುದುರೆಗಳನ್ನು ನೋಡಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಕಣ್ಣಿಗೆ ಸ್ಪಷ್ಟವಾಗಿ ಫ್ರೇಮ್ ಅಂತ ಕಾಣುವ ಕುದುರೆಗಳಲ್ಲಿ 94%ಗಿಂತ ಹೆಚ್ಚು ಈ ಜೀನ್ ಹೊತ್ತಿದ್ದವು. ಅದು ನಿರೀಕ್ಷೆಯದೇ. ಟೋಬಿಯಾನೋ, ಸಬೀನೋ, ಮಚ್ಚೆಯಿಲ್ಲದ ಪೇಂಟ್ ಕುದುರೆಗಳಲ್ಲೂ ಈ ಜೀನ್ ಸಿಕ್ಕಿದ್ದು ಮುಖ್ಯ ಸಂಗತಿ. ಪ್ರಮಾಣ ಕಡಿಮೆ, ಆದರೆ ಸೊನ್ನೆ ಅಲ್ಲ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಯಾಕೆಂದರೆ ಹಳೆಯ ಸಾಕಣೆದಾರರೂ ಇದರಲ್ಲಿ ಎಡವುತ್ತಾರೆ. ಫ್ರೇಮ್ ಹೊತ್ತ ಎರಡು ಕುದುರೆ ಕೂಡಿಸಿದರೆ ಪ್ರತಿ ಮರಿಗೂ 25% ಸಾವಿನ ಸಾಧ್ಯತೆ, 50% ಫ್ರೇಮ್, 25% ಜೀನೇ ಇಲ್ಲದ್ದು. ಫ್ರೇಮ್ ಹೊತ್ತ ಕುದುರೆಗೆ ಜೀನ್ ಇಲ್ಲದ ಕುದುರೆ ಕೂಡಿಸಿದರೆ 50% ಫ್ರೇಮ್, 50% ಇಲ್ಲ, ಸಾವು ಇಲ್ಲ. ಅಂದರೆ ಎರಡು ಕಡೆಯಿಂದ ಫ್ರೇಮ್ ತಂದರೆ ಫ್ರೇಮ್ ಮರಿ ಹುಟ್ಟುವ ಸಾಧ್ಯತೆ ಒಂದು ಚೂರೂ ಹೆಚ್ಚುವುದಿಲ್ಲ. ಈ ಜೀನಿನ ಮಟ್ಟಿಗೆ ಲಾಭವೇ ಇಲ್ಲದ ಜೂಜು. ಇಷ್ಟಾದರೂ ಪರೀಕ್ಷೆ ಮಾಡಿಸದೆ ಕೂಡಿಸುವವರು ಇನ್ನೂ ಇದ್ದಾರೆ ಅನ್ನುವುದನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಜೀನ್ ಇದ್ದೂ ಮೈಮೇಲೆ ಯಾಕೆ ಕಾಣುವುದಿಲ್ಲ? ಒಂದೇ ಕಾರಣ ಇಲ್ಲ. ಬಣ್ಣದ ಕೋಶಗಳ ಪ್ರಯಾಣದಲ್ಲಿ ಅದೃಷ್ಟಕ್ಕೂ ಪಾಲಿದೆ. ಮೂಲ ಮೈಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಅರೇಬಿಯನ್ ಕುದುರೆಗಳ ಮೇಲೆ ಚಾರ್ಲ್ಸ್ ವುಲ್ಫ್ ಮಾಡಿದ ಅಧ್ಯಯನಗಳು ಇದನ್ನು ತೋರಿಸಿವೆ: ಚೆಸ್ಟ್‌ನಟ್ ಅನ್ನುವ ಕೆಂಪು ಕುದುರೆಗಳಲ್ಲಿ ಬಿಳಿ ಜಾಸ್ತಿ ಹರಡುತ್ತದೆ, ಮೈ ಕಂದು, ಜೂಲು ಕಪ್ಪು ಇರುವ ಬೇ ಕುದುರೆಗಳಲ್ಲಿ ಕಡಿಮೆ. ವಯಸ್ಸಾದಂತೆ ಪೂರಾ ಬೆಳ್ಳಗಾಗುವ ಗ್ರೇ ಕುದುರೆಗಳಲ್ಲಂತೂ ಬಿಳಿ ಮೇಲೆ ಬಿಳಿ ಮುಚ್ಚಿಕೊಳ್ಳುತ್ತದೆ. ಸ್ನಾನ ಮಾಡಿಸಿ ಒದ್ದೆಯಾದಾಗ ಮಾತ್ರ ಗುಲಾಬಿ ಚರ್ಮದ ಮಚ್ಚೆ ಕೆಳಗಿನಿಂದ ಇಣುಕುತ್ತದೆ.

ಅನುಭವಿಗಳು ಕೆಲವು ಗುರುತು ಹಿಡಿಯುತ್ತಾರೆ. ನಾಲ್ಕೂ ಕಾಲು ಬಿಳಿ, ಆದರೆ ಮುಖದಲ್ಲಿ ಏನೂ ಇಲ್ಲ ಅಂದರೆ ಒಳಗೆ ಟೋಬಿಯಾನೋ ಇರಬಹುದು. ಕಾಲು ಪೂರಾ ಬಣ್ಣ, ಮುಖದ ಬಿಳಿ ಮಾತ್ರ ಅಗಲವಾಗಿ, ಅಂಚು ಹರಿದಂತೆ ಇದ್ದರೆ ಫ್ರೇಮ್ ಅನುಮಾನ. ಮೂತಿಯ ಕಡೆ ಅಗಲವಾಗುತ್ತಾ ಹೋಗುವ ಪಟ್ಟೆ, ಜೊತೆಗೆ ನೀಲಿ ಕಣ್ಣು ಇದ್ದರೆ ಸ್ಪ್ಲಾಶ್. ಗದ್ದದ ಕೆಳಗೆ ಬಿಳಿ ಚುಕ್ಕೆ ಇದ್ದರೆ ಸಬೀನೋ ಬಗೆ. ನಮ್ಮಲ್ಲಿ ಸುಳಿ ನೋಡಿ ಎತ್ತು ಕುದುರೆ ಕೊಳ್ಳುವವರಿಗೆ ಇಂಥ ಸೂಕ್ಷ್ಮ ಹೊಸದಲ್ಲ ಅಲ್ವಾ. ಆದರೆ ಇವೆಲ್ಲ ಅನುಮಾನಕ್ಕೆ ದಾರಿ ತೋರಿಸುತ್ತವೆಯೇ ಹೊರತು ಪುರಾವೆ ಅಲ್ಲ. ಫ್ರೇಮ್ ಹೊತ್ತ ಕೆಲವು ಕುದುರೆಗಳಲ್ಲಿ ಹಣೆಯ ಚುಕ್ಕೆ ಕೂಡ ಇರುವುದಿಲ್ಲ.

2004ರಲ್ಲಿ ಕ್ವಾರ್ಟರ್ ಹಾರ್ಸ್ ಸಂಘ ತನ್ನ ಬಿಳಿ ನಿಯಮ ಕೈಬಿಟ್ಟಿತು. ತಂದೆ ತಾಯಿ ಯಾರು ಅಂತ ಡಿಎನ್ಎ ಹೇಳುವಾಗ ಮಚ್ಚೆ ನೋಡಿ ಮರಿಯನ್ನು ಹೊರಗಿಡುವುದಕ್ಕೆ ಅರ್ಥ ಉಳಿದಿರಲಿಲ್ಲ.

ಆಮೇಲೆ ಜೀನುಗಳು ಒಂದರ ಹಿಂದೆ ಒಂದು ಸಿಕ್ಕವು. 2005ರಲ್ಲಿ ಕಿಟ್ ಅನ್ನುವ ಜೀನಿನಲ್ಲಿ ಸಬೀನೋ-1 ಅನ್ನುವ ಒಂದು ಬಗೆಯ ಸಬೀನೋ. 2007ರಲ್ಲಿ ಟೋಬಿಯಾನೋ. ಇದರಲ್ಲಿ ಅಕ್ಷರ ಬದಲಾಗಿಲ್ಲ, ಕಿಟ್ ಪಕ್ಕದ ಕ್ರೋಮೋಸೋಮ್ ತುಂಡೇ ತಿರುಗಿ ಕೂತಿದೆ. 2012ರಲ್ಲಿ ಎಂಐಟಿಎಫ್ ಮತ್ತು ಪ್ಯಾಕ್ಸ್3 ಜೀನುಗಳಲ್ಲಿ ಮೂರು ಸ್ಪ್ಲಾಶ್‌ಗಳು. ನಡುವೆ 2009ರಲ್ಲಿ ಪೇಂಟ್ ಕುದುರೆಗಳ ಕಿವುಡಿನ ಮೇಲೆ ಒಂದು ಅಧ್ಯಯನ ಬಂತು. ಮುಖದ ತುಂಬ ಬಿಳಿ, ನೀಲಿ ಕಣ್ಣು ಇರುವ ಎಷ್ಟೋ ಕುದುರೆಗಳಿಗೆ ಕಿವಿ ಕೇಳುತ್ತಿರಲಿಲ್ಲ. ಸವಾರರು ಮೊಂಡು ಕುದುರೆ ಅಂದುಕೊಂಡಿದ್ದರಲ್ಲಿ ಕೆಲವು ಸುಮ್ನೆ ಕಿವುಡಾಗಿದ್ದವು. ಕಿವುಡು ಅಂದರೆ ಉಪಯೋಗವಿಲ್ಲ ಅಂತಲೂ ಅಲ್ಲ. ರೈನಿಂಗ್ ಅನ್ನುವ ಕುದುರೆ ಸವಾರಿ ಸ್ಪರ್ಧೆಗಳಲ್ಲಿ ಹೆಸರು ಮಾಡಿ, ಆಮೇಲೆ ಬೀಜದ ಕುದುರೆಯಾಗಿಯೂ ಪ್ರಸಿದ್ಧವಾದ ಕರ್ನಲ್ಸ್ ಸ್ಮೋಕಿಂಗ್ ಗನ್ ಪೂರಾ ಕಿವುಡ.

ಈಗಿನ ಗೊಂದಲ ಬೇರೆ ಥರದ್ದು. ಕಿಟ್ ಜೀನಿನಲ್ಲೇ ಡಬ್ಲ್ಯೂ ಅಂತ ಹೆಸರಿಟ್ಟ ಬದಲಾವಣೆಗಳು 30ಕ್ಕೂ ಹೆಚ್ಚು ಪಟ್ಟಿಯಾಗಿವೆ. ಅದರಲ್ಲಿ ಡಬ್ಲ್ಯೂ20 ಬಹಳ ತಳಿಗಳಲ್ಲಿದೆ. ಒಂಟಿಯಾಗಿದ್ದರೆ ಅದು ಹೆಚ್ಚೇನೂ ಮಾಡುವುದಿಲ್ಲ. ಡಬ್ಲ್ಯೂ5 ಅಥವಾ ಡಬ್ಲ್ಯೂ22 ಜೊತೆ ಸೇರಿದರೆ ಮಾತ್ರ ಕುದುರೆ ಪೂರಾ ಬಿಳಿಯಾಗಬಹುದು. ಸಬೀನೋ ಥರ ಕಾಣುವ ಬಹಳಷ್ಟು ಕುದುರೆಗಳಲ್ಲಿ ಸಬೀನೋ-1 ಇಲ್ಲವೇ ಇಲ್ಲ. ಅದಕ್ಕೇ ಶುರುವಿನಲ್ಲಿ ಹೇಳಿದಂಥ, ಮೈತುಂಬ ಬಿಳಿ ಇದ್ದೂ ವರದಿ ಖಾಲಿ ಬರುವ ಕುದುರೆಗಳು. ಲ್ಯಾಬ್ ಹುಡುಕುವುದು ಗೊತ್ತಿರುವ ಬದಲಾವಣೆಗಳನ್ನು ಮಾತ್ರ. ವರದಿ ಖಾಲಿ ಅಂದರೆ ಬಿಳಿಯ ಜೀನ್ ಇಲ್ಲ ಅಂತಲ್ಲ, ಪಟ್ಟಿಯಲ್ಲಿ ಇರುವುದು ಇಲ್ಲ ಅಂತ.

ನಮ್ಮ ಮಾರವಾಡಿ ತಳಿಯಲ್ಲೂ ಅಬ್ಲಕ್ ಅನ್ನುವ ಮಚ್ಚೆ ಕುದುರೆಗಳಿವೆ. ಆದರೆ ಫ್ರೇಮ್ ಮುಖ್ಯವಾಗಿ ಅಮೆರಿಕ ಖಂಡಗಳಲ್ಲಿ ಬೆಳೆದ ಸ್ಪ್ಯಾನಿಷ್ ಮೂಲದ ಕುದುರೆಗಳ ಸೊತ್ತು. ಮಚ್ಚೆ ಕಂಡ ತಕ್ಷಣ ಸಾಯುವ ಮರಿಯ ಭಯ ಇಲ್ಲಿ ಬೇಕಿಲ್ಲ. ಹೊರಗಿನಿಂದ ಪೇಂಟ್ ಅಥವಾ ಕ್ವಾರ್ಟರ್ ಹಾರ್ಸ್ ತರಿಸುವವರ ಲೆಕ್ಕ ಬೇರೆ. ಅವರು ಉಳಿದ ಬಣ್ಣದ ಪರೀಕ್ಷೆಗಳನ್ನು ಬೇಕಾದರೆ ಬಿಡಲಿ, ಫ್ರೇಮ್ ಒಂದನ್ನು ಬಿಡಬಾರದು. ಎನ್/ಓ, ಅಂದರೆ ಫ್ರೇಮಿನ ಒಂದು ಪ್ರತಿ ಇದೆ ಅಂತ ಬಂದರೂ ಕುದುರೆಯನ್ನು ಮಾರಬೇಕಾಗಿಲ್ಲ, ಬೀಜ ಒಡೆಸಬೇಕಾಗಿಲ್ಲ. ಅದರ ಜೋಡಿಯ ವರದಿ ಎನ್/ಎನ್, ಅಂದರೆ ಫ್ರೇಮ್ ಇಲ್ಲ ಅಂತ ಇದ್ದರೆ ಸಾಕು.