ತುಮಕೂರಿನ ರೋಗಿಗಳು ಆಸ್ಪತ್ರೆಗೆ ಹೋಗಿದ್ದರು

ಕ್ಷಯ ಬಂದವರಿಗೆ ಬೇಕಾದದ್ದು ಒಳ್ಳೆಯ ಗಾಳಿ, ಒಳ್ಳೆಯ ಊಟ ಮತ್ತು ತಿಂಗಳುಗಟ್ಟಲೆ ವಿಶ್ರಾಂತಿ. ಸುಮಾರು ನೂರು ವರ್ಷ ವೈದ್ಯಲೋಕ ಹೀಗೆಯೇ ನಂಬಿತ್ತು. 1850ರ ದಶಕದಲ್ಲಿ ಹರ್ಮನ್ ಬ್ರೆಹ್ಮರ್ ಎಂಬ ಜರ್ಮನ್ ವೈದ್ಯ ಗೋರ್ಬರ್ಸ್‌ಡಾರ್ಫ್ ಎಂಬ ಬೆಟ್ಟದೂರಿನಲ್ಲಿ ಆರಂಭಿಸಿದ, ರೋಗಿಯನ್ನು ಮನೆಯಿಂದ ದೂರವಿರಿಸಿ ಆರೈಕೆ ಮಾಡುವ ಸ್ಯಾನಿಟೋರಿಯಂ ಪದ್ಧತಿ ಯುರೋಪನ್ನು ಆವರಿಸಿ ನಮ್ಮಲ್ಲಿಗೂ ಬಂತು. ಮದನಪಲ್ಲಿಯ ಆರೋಗ್ಯವರಂ, ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿದ ಸ್ಯಾನಿಟೋರಿಯಂ ಎಲ್ಲವೂ ಆ ವಂಶದವೇ. ಈ ನಂಬಿಕೆಯನ್ನು ಮೌಢ್ಯ ಎನ್ನಲಾಗದು. ರೋಗಾಣುವನ್ನು ಕೊಲ್ಲುವ ಮದ್ದೇ ಇಲ್ಲದಿದ್ದಾಗ ದೇಹದ ಕಸುವನ್ನು ನೆಚ್ಚದೆ ಬೇರೆ ದಾರಿ ಇರಲಿಲ್ಲ. ರೋಗಿ ದೂರವಿದ್ದರೆ ಮನೆಯ ಮಕ್ಕಳಾದರೂ ಉಳಿದಾವು ಎಂಬ ಲೆಕ್ಕವೂ ಅದರಲ್ಲಿತ್ತು.

1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಮತ್ತು ಪಾಸ್, 1952ರಲ್ಲಿ ಐಸೋನಿಯಾಜಿಡ್ ಎಂಬ ಮದ್ದುಗಳು ಬಂದವು. ಇಷ್ಟಾದರೂ ವೈದ್ಯರು ಹಳೆಯ ಹಾಸಿಗೆಯನ್ನು ಬಿಡಲಿಲ್ಲ, ಹೊಸ ಮದ್ದನ್ನು ಅದೇ ಹಾಸಿಗೆಯ ಪಕ್ಕಕ್ಕೆ ತಂದಿಟ್ಟರು. ಶ್ರೀಮಂತ ದೇಶಗಳಿಗೆ ಅದು ನಡೆಯುತ್ತಿತ್ತು. ಆದರೆ ಭಾರತದಲ್ಲಿ ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಬರೀ ಸಾವಿರಗಳ ಲೆಕ್ಕದಲ್ಲಿ.

1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರ ಶುರುವಾದದ್ದು ಈ ಇಕ್ಕಟ್ಟಿನಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕೆ ಕೈಜೋಡಿಸಿದ್ದವು. ಮುಂದಾಳು ಬ್ರಿಟಿಷ್ ವೈದ್ಯ ವಾಲೆಸ್ ಫಾಕ್ಸ್. ನಗರದ ಬಡ ಬಡಾವಣೆಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂಗೆ ಹೋಯಿತು, ಇನ್ನೊಂದು ತನ್ನ ಇಕ್ಕಟ್ಟಾದ ಮನೆಯಲ್ಲೇ ಉಳಿಯಿತು. ಮದ್ದು ಇಬ್ಬರಿಗೂ ಒಂದೇ: ಐಸೋನಿಯಾಜಿಡ್ ಮತ್ತು ಪಾಸ್, ಒಂದು ವರ್ಷ.

ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡರು, ಹೆಚ್ಚು ತೂಕ ಪಡೆದರು. ಮನೆಯವರು ಕಡಿಮೆ ಉಂಡು ಹೆಚ್ಚು ದುಡಿದರು. ವರ್ಷದ ಕೊನೆಯಲ್ಲಿ ಕಫದಿಂದ ರೋಗಾಣು ಮಾಯವಾಗಿದ್ದವರ ಪ್ರಮಾಣ ಸ್ಯಾನಿಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86. ಐದು ವರ್ಷ ಬೆನ್ನುಹತ್ತಿ ನೋಡಿದಾಗಲೂ ರೋಗ ಮರುಕಳಿಸಿದ್ದರಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎಲ್ಲರೂ ಹೆದರಿದ್ದ ಇನ್ನೊಂದು ಸಂಗತಿಯೂ ಸುಳ್ಳಾಯಿತು. ರೋಗಿ ಜೊತೆಯಲ್ಲೇ ಇದ್ದ ಮನೆಗಳಲ್ಲಿ ಕ್ಷಯ ಹೆಚ್ಚು ಹರಡಲಿಲ್ಲ. ರೋಗ ಪತ್ತೆಯಾಗುವ ಹೊತ್ತಿಗಾಗಲೇ ಮನೆಮಂದಿಗೆ ಸೋಂಕು ತಗಲಿರುತ್ತದೆ, ಮದ್ದು ಶುರುವಾದ ಮೇಲೆ ರೋಗಿಯಿಂದ ಅಪಾಯ ಬೇಗನೆ ಇಳಿಯುತ್ತದೆ. ಆಮೇಲೆ ರೋಗಿಯನ್ನು ಊರಾಚೆ ಕಳಿಸಿ ಏನು ಪ್ರಯೋಜನ? 1959ರಲ್ಲಿ ವರದಿ ಪ್ರಕಟವಾಯಿತು. ಮುಂದಿನ ದಶಕಗಳಲ್ಲಿ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದವು ಅಥವಾ ಬೇರೆ ಆಸ್ಪತ್ರೆಗಳಾದವು.

ಮದರಾಸಿನ ಕತೆಯನ್ನು ವೈದ್ಯಕೀಯ ಇತಿಹಾಸ ಹೆಮ್ಮೆಯಿಂದ ಹೇಳುತ್ತದೆ. ಆದರೆ ಅದಕ್ಕಿಂತ ಹೆಚ್ಚು ಕುಟುಕುವ ಪ್ರಯೋಗ ನಡೆದದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಕನ್ನಡಿಗರಿಗೇ ಅದು ಅಷ್ಟಾಗಿ ಗೊತ್ತಿಲ್ಲ.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ದೇಶಕ್ಕೊಂದು ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪಿಸುವುದು ಅದರ ಕೆಲಸ. ಆಗ ಪ್ರಚಲಿತವಾಗಿದ್ದ ಅಭಿಪ್ರಾಯವೆಂದರೆ, ಹಳ್ಳಿಗರು ತಿಳಿವಳಿಕೆ ಇಲ್ಲದವರು, ಕೆಮ್ಮಿ ಕೆಮ್ಮಿ ಸಾಯುತ್ತಾರೆಯೇ ಹೊರತು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಎಕ್ಸ್‌ರೇ ವಾಹನ ಹೊರಡಿಸಿ ಊರೂರಿನಲ್ಲಿ ಅವರನ್ನು ಹುಡುಕಿ ಹಿಡಿಯಬೇಕು. ಸಂಸ್ಥೆಯಲ್ಲಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಮಾತನ್ನು ಹಾಗೇ ಒಪ್ಪಲಿಲ್ಲ. ತುಮಕೂರಿನ ಸಮೀಕ್ಷೆಯಲ್ಲಿ ಕ್ಷಯ ಪತ್ತೆಯಾಗಿದ್ದವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿದರು. 1963ರಲ್ಲಿ ಬಂದ ಅವರ ವರದಿಯ ಪ್ರಕಾರ, ಬಹುಪಾಲು ರೋಗಿಗಳಿಗೆ ತಮಗೇನೋ ಆಗಿದೆ ಎಂಬುದು ಚೆನ್ನಾಗಿಯೇ ತಿಳಿದಿತ್ತು, ಅನೇಕರು ಅದಕ್ಕಾಗಿ ಚಿಂತೆಗೀಡಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡಿದವರಿಲ್ಲ. ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು, ಅಷ್ಟೆ.

ಅಜ್ಞಾನ ಹಳ್ಳಿಯಲ್ಲಿದೆ ಎಂದುಕೊಂಡಿದ್ದರೆ ಅದು ದವಾಖಾನೆಯಲ್ಲಿ ಕುಳಿತಿತ್ತು! ‘ಜನ ಬರುವುದಿಲ್ಲ’ ಎಂಬ ನಂಬಿಕೆ ಸಂಸ್ಥೆಗಳಿಗೆ ಬಹಳ ಅನುಕೂಲಕರ. ತಪ್ಪು ರೋಗಿಯದಾದರೆ ಬದಲಾಗಬೇಕಾದವನೂ ರೋಗಿಯೇ ಆಗುತ್ತಾನೆ. ಈ ವರದಿ ಬರೆದವರು ಸರ್ಕಾರವನ್ನು ಹೊರಗಿನಿಂದ ಟೀಕಿಸುತ್ತಿದ್ದವರಲ್ಲ, ಸರ್ಕಾರಿ ಸಂಸ್ಥೆಯೊಳಗೇ ಇದ್ದವರು ಎಂಬುದನ್ನು ಗಮನಿಸಬೇಕು. ಕೆಮ್ಮೆಂದು ತಾವಾಗಿಯೇ ಬರುವವರ ಕಫವನ್ನು ಹತ್ತಿರದ ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲಿ ನೋಡಿ, ಉಚಿತವಾಗಿ ಮದ್ದು ಕೊಟ್ಟು ಮನೆಗೆ ಕಳಿಸುವ ಜಿಲ್ಲಾ ಕ್ಷಯ ಕಾರ್ಯಕ್ರಮ 1962ರಲ್ಲಿ ರೂಪುಗೊಂಡದ್ದು ಇಂಥದೇ ಅಧ್ಯಯನಗಳ ನೆಲೆಯಲ್ಲಿ. ಅದನ್ನು ರೂಪಿಸುವುದರಲ್ಲಿ ಪಾಲುಗೊಂಡಿದ್ದ ಡೆನ್ಮಾರ್ಕಿನ ವೈದ್ಯ ಹಾಫ್ಡಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು.

ಕಾರ್ಯಕ್ರಮ ಗೆದ್ದಿತೇ? ಅರ್ಧಂಬರ್ಧ. ಹಣ ಸಾಲಲಿಲ್ಲ, ಮದ್ದು ತಪ್ಪುತ್ತಿತ್ತು, ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರು ಬಹಳ. 1990ರ ದಶಕದಲ್ಲಿ ಕಣ್ಣೆದುರೇ ಮಾತ್ರೆ ನುಂಗಿಸುವ ಪದ್ಧತಿ ಬಂತು. ವಾರಕ್ಕೆ ಮೂರು ದಿನ ಮಾತ್ರೆ ಸಾಕು ಎಂಬ ಅದರ ಸೂತ್ರವನ್ನು ಕೈಬಿಟ್ಟು 2017ರಲ್ಲಿ ದೇಶ ಮತ್ತೆ ದಿನವಹಿ ಮದ್ದಿಗೆ ಮರಳಿತು.

ಮದರಾಸಿನ ಪ್ರಯೋಗಕ್ಕೂ ಒಂದು ಬಾಲ ಉಳಿದಿತ್ತು. ಊಟ ಸಾಧಾರಣವಿದ್ದರೂ ಮದ್ದು ಕೆಲಸ ಮಾಡುತ್ತದೆ ಎಂಬುದಷ್ಟೇ ಅದರ ಉತ್ತರ. ಅದನ್ನು ಹಿಗ್ಗಿಸಿ ಕ್ಷಯಕ್ಕೂ ಊಟಕ್ಕೂ ಅಂಥ ಸಂಬಂಧವಿಲ್ಲ ಎಂಬಂತೆ ಓದಿದವರು ಅನೇಕರು. ಮದ್ದಿನಿಂದ ಗುಣವಾಗುವುದು ಬೇರೆ, ರೋಗ ಬಾರದಂತೆ ತಡೆಯುವುದು ಬೇರೆ. ಈ ಎರಡನೆಯ ಪ್ರಶ್ನೆಯನ್ನು ಪರೀಕ್ಷೆಗೊಡ್ಡಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಮದರಾಸಿನ ಅದೇ ಹಳೆಯ ಕೇಂದ್ರದ ಇಂದಿನ ರೂಪವಾದ ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಅವರ ಜೊತೆಗಿದ್ದರು. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರು ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ತಿಂಗಳು ತಿಂಗಳು ತಲೆಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು: ಅಕ್ಕಿ ಬೇಳೆ ಪಡೆದವರಲ್ಲಿ ಕ್ಷಯ ಶೇ. 39ರಷ್ಟು ಕಡಿಮೆ.

ಸರ್ಕಾರ ಈಗ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ. ಮನೆಯ ಉಳಿದವರಿಗೆ ಸಿಗಬೇಕಾದ ಆಹಾರದ ಪೊಟ್ಟಣವನ್ನು ಮಾತ್ರ ‘ನಿಕ್ಷಯ್ ಮಿತ್ರ’ ಎಂಬ ಹೆಸರಿನ ದಾನಿಗಳ ಔದಾರ್ಯಕ್ಕೆ ಬಿಟ್ಟಿದೆ.